ನಿಂತು ಕೇಳಿದ ಹಾಡು

“ಜೀವ ಇದ್ದಾಗ ಮಂದಿ ಮುಂದ ಕುಣಿಸಿದಿ. ಈಗ ಹೆಣಾನೂ ಕುಣಿಸಿ ಹೋಗಬೇಕಂತ ಬಂದೀ ಏನು?”

ಟಂಟಂ ಆಟೋದಿಂದ ಒಂದು ಕಾಲು ಕೆಳಗಿಟ್ಟಿದ್ದ ಮಾನಪ್ಪ ಗಾಡಿಯ ಕಂಬಿ ಹಿಡಿದು ಹಾಗೆಯೇ ನಿಂತ. ಮಾತು ಬಂದದ್ದು ಎದುರಿನ ಕಟ್ಟೆಯಿಂದ. ಆಡಿದವನು ಬೇರೆ ಯಾರೂ ಅಲ್ಲ, ಹೆತ್ತ ಅಪ್ಪ ಹಣಮಂತ್ರಾಯ. ಬಿಳಿ ಧೋತರ, ತಲೆಗೆ ರುಮಾಲು, ಗದ್ದಕ್ಕೆ ಊರಿದ ಬಡಿಗೆ. ನಸುಕಿಗೇ ತನ್ನೂರು ಬಳಿಚಕ್ರದಿಂದ ಬೈಕಿನ ಹಿಂದೆ ಕೂತು ಬಂದಿದ್ದನಂತೆ. ಕಟ್ಟೆಯ ತುಂಬ ಹಿರಿಯರು, ಅಂಗಳದ ತುಂಬ ಹೆಂಗಸರು. ಹಲಗೆ ಕಾಯಿಸುತ್ತಿದ್ದವರೂ ಬೆಂಕಿ ಬಿಟ್ಟು ಮಾನಪ್ಪನ ಮುಖ ನೋಡಿದರು. ಇಂಥ ಮಾತು ನುಂಗಿಕೊಳ್ಳುವ ಪೈಕಿ ಅವನಲ್ಲ. ಒಂಬತ್ತನೇ ತರಗತಿಯಲ್ಲಿ ಮಾಸ್ತರರ ಬೆತ್ತ ಕಸಿದು, ಅವರ ಎದುರಿಗೇ ಮುರಿದು, ಸಾಲಿಗೆ ಶರಣು ಹೊಡೆದು ಬಂದವನು.

ಉತ್ತರ ಅವನ ನಾಲಗೆಯ ತುದಿಗೆ ಬಂದೇ ಬಿಟ್ಟಿತ್ತು. ಅಷ್ಟರಲ್ಲಿ ಮುನ್ನಿಬೀ ಹೆಂಗಸರ ನಡುವಿನಿಂದ ಎದ್ದು ಬಂದು ತೋಳು ಹಿಡಿದಳು. ಸತ್ತ ಸೋದರತ್ತೆ ಬಾಲಮ್ಮನ ಮಗ್ಗುಲ ಮನೆಯವಳು ಆಕೆ; ಭತ್ತದ ಸಸಿ ಹಚ್ಚುವಾಗ ಒಂದೇ ಸಾಲಿನಲ್ಲಿ ಅವಳ ಎಡಕ್ಕೆ ಬಗ್ಗಿ ಮುದುಕಿಯಾದವಳು. ಅವನಿಗೆ ಸುದ್ದಿ ಮುಟ್ಟಿಸಿದ್ದೂ ಅವಳೇ.

“ಬಾಯಿ ಮುಚ್ಚು, ಬೇಟಾ,” ಎಂದಳು ಮೆಲ್ಲಗೆ. “ನಿಮ್ಮಪ್ಪ ಬರಿಗೈಲೆ ಕುಂತಾನ. ನಿನ್ನ ಮಾತಿಗಿ ಎದ್ದು ಹೋದಾಂದ್ರ ನಿಮ್ಮತ್ತಿ ಹಿಂಗೇ ಕುಂದರ್ತಾಳ ನೋಡು.”

ಬಾಲಮ್ಮ ಕೂತಿದ್ದಳು. ಗೋಡೆಗೆ ಆನಿಸಿ, ಸೊಂಟಕ್ಕೆ ವಸ್ತ್ರ ಕಟ್ಟಿ ಕೂರಿಸಿದ್ದರು. ನಿನ್ನೆ ಮಧ್ಯಾಹ್ನ ಗದ್ದೆಯ ಬದುವಿನ ಮೇಲೆ ರೊಟ್ಟಿಯ ಗಂಟು ಬಿಚ್ಚಿದವಳು, ಒಂದು ತುತ್ತು ಮುರಿದು, ಎದೆ ಒತ್ತಿಕೊಂಡು ಮುನ್ನಿಬೀಯ ತೊಡೆಯ ಮೇಲೆ ಒರಗಿದವಳು ಮತ್ತೆ ಏಳಲಿಲ್ಲ. ಗಂಡ ಬೀರಣ್ಣ ಇನ್ನೂ ಇದ್ದಾನೆ, ಮುತ್ತೈದೆ ಸಾವು. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ, ತುಟಿಯ ನಡುವೆ ಎಲೆ ಅಡಿಕೆ. ಎಲ್ಲ ಆಗಿತ್ತು, ಸೀರೆಯೊಂದನ್ನು ಬಿಟ್ಟು.

ತವರಿನ ಸೀರೆ ಬೀಳದೆ ಹೆಣ ಎತ್ತುವ ಹಾಗಿಲ್ಲ. ಅಣ್ಣನೋ ತಮ್ಮನೋ ಹೊಸ ಸೀರೆ ತಂದು ತನ್ನ ಕೈಯಾರೆ ಹೊದಿಸಬೇಕು. ಹೊದಿಸಿದರೆ ಹೆಣ್ಣು ಒಂದು ಮನೆಯ ಮಗಳಾಗಿ ಮಣ್ಣಿಗೆ ಹೋಗುತ್ತಾಳೆ. ಇಲ್ಲವಾದರೆ ಹೊತ್ತು ಏರುವತನಕ ಕಾಯುತ್ತಾರೆ, ಆಮೇಲೆ ಗಂಡನ ಮನೆಯವರೇ ಏನೋ ಒಂದು ಸುತ್ತಿ ಕಳಿಸುತ್ತಾರೆ, ಊರು ವರ್ಷಗಟ್ಟಲೆ ಅದನ್ನೇ ಆಡುತ್ತದೆ. ಅಣ್ಣ ಜೀವಂತ ಇರುವಾಗ ಅಣ್ಣನ ಮಗ ತಂದ ಸೀರೆ ನಡೆಯುವುದಿಲ್ಲ. ಮನೆಯಿಂದ ಹೊರಗೆ ಹಾಕಿಸಿಕೊಂಡ ಮಗ ತಂದದ್ದಂತೂ ಸೀರೆಯೇ ಅಲ್ಲ. ಬದುಕಿದ್ದಾಗ ಒಬ್ಬಳ ಹೊಟ್ಟೆ ನೋಡಲು ಪುರಸೊತ್ತಿಲ್ಲದ ಮಂದಿ, ಸತ್ತಾಗ ಅವಳ ಸೀರೆ ನೋಡಲು ಎಷ್ಟು ದೂರದಿಂದ ಬರುತ್ತಾರೆ ಎಂದು ಮಾನಪ್ಪನಿಗೆ ಅನ್ನಿಸಿತು. ಹಲ್ಲು ಕಚ್ಚಿಕೊಂಡು ಅಂಗಳ ಹೊಕ್ಕ.

*

ಬಾಲಮ್ಮ ಈ ಊರಿಗೆ ಸೊಸೆಯಾಗಿ ಬಂದಾಗ ಕಾಲುವೆ ಇನ್ನೂ ಅಗೆದಿಟ್ಟ ಒಣ ಹಳ್ಳ. ಬೀರಣ್ಣ ಅದರೊಳಗೇ ಕುರಿ ಇಳಿಸಿ ಮೇಯಿಸುತ್ತಿದ್ದ. ದೊಡ್ಡ ಹಿಂಡು. ಇವತ್ತು ಒಬ್ಬರ ಹೊಲದಲ್ಲಿ, ನಾಳೆ ಮತ್ತೊಬ್ಬರ ಹೊಲದಲ್ಲಿ ರಾತ್ರಿ ಕುರಿ ತರುಬುವುದು, ಹಿಕ್ಕೆಯ ಗೊಬ್ಬರಕ್ಕೆ ಬದಲಾಗಿ ಜೋಳ ತರುವುದು. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು ಬಾಲಮ್ಮ ಹಿಂಡಿನ ಹಿಂದೆ ನೆಟ್ಟಗೆ ನಡೆಯುತ್ತಿದ್ದಳು. ಕೃಷ್ಣೆಯ ದಂಡೆಯಿಂದ ಸುರಪುರದ ಗುಡ್ಡದ ತನಕ ಅವಳ ಹೆಜ್ಜೆ ಬೀಳದ ಹೊಲವಿರಲಿಲ್ಲ.

ಆಮೇಲೆ ನೀರು ಬಂತು. ಜೋಳದ ಹೊಲಗಳು ಭತ್ತದ ಮಡಿಗಳಾದವು. ಆಂಧ್ರದ ಕಡೆಯಿಂದ ಬಂದವರು ಹೊಲ ಹಿಡಿದು ಕ್ಯಾಂಪು ಕಟ್ಟಿದರು. ಕೆಸರಿನಲ್ಲಿ ಕುರಿ ನಿಲ್ಲುತ್ತದೆಯೇ? ಚೀಲದ ಗೊಬ್ಬರ ಬಂದ ಮೇಲೆ ಹಿಕ್ಕೆ ಯಾರಿಗೆ ಬೇಕು? ಹಿಂಡು ಮಂಜಿನ ಹಾಗೆ ಕರಗಿತು, ಬೀರಣ್ಣ ಇನ್ನೊಬ್ಬರ ಎಮ್ಮೆ ಕಾಯುವವನಾದ, ನೆಟ್ಟಗೆ ನಡೆಯುತ್ತಿದ್ದ ಹೆಂಗಸು ಕೆಸರಿಗಿಳಿದು ಬಗ್ಗಿದಳು. ನಾಡು ಹಸಿರಾಯಿತು ಎಂದು ಭಾಷಣ ಮಾಡುವವರು ಬದುವಿನ ಮೇಲೆ ನಿಂತು ನೋಡಿದವರು. ಬಗ್ಗಿದವರಿಗೆ ಕಂಡದ್ದು ಕೆಸರು, ತಮ್ಮ ಮುಂಗೈ, ಮಗ್ಗುಲವಳ ಮೀನಖಂಡ.

ಕ್ಯಾಂಪಿನ ಸಾಹುಕಾರನೊಬ್ಬ ಬದುವಿನ ಮೇಲೆ ಟೇಪ್ ರೆಕಾರ್ಡರ್ ಇಡಿಸುತ್ತಿದ್ದ. ಕನಿಕರಕ್ಕಲ್ಲ; ಹಾಡು ಇದ್ದರೆ ಕೈ ಜಲ್ದಿ ಓಡುತ್ತದೆ ಎಂದು. ತೆಲುಗು, ಹಿಂದಿ, ಕನ್ನಡ, ಅವನ ಮನಸ್ಸಿಗೆ ಬಂದದ್ದು. ಅರ್ಥ ಒಂದೂ ತಿಳಿಯದೆ ಬಾಲಮ್ಮನಿಗೆ ಎಲ್ಲವೂ ಬಾಯಿಪಾಠ. ಎಲ್ಲಿ ಕೊಳಲು ಬರುತ್ತದೆ, ಎಲ್ಲಿ ಹಾಡುವವಳು ಉಸಿರು ತೆಗೆದುಕೊಳ್ಳುತ್ತಾಳೆ, ಎಲ್ಲಿ ಕ್ಯಾಸೆಟ್ ಜಗ್ಗುತ್ತದೆ, ಅದೂ ಸಹ. ಆ ತಾಳಕ್ಕೆ ಕೈ ಕೆಳಗೆ ಹೋಗಿ ಸಸಿ ಊರುವುದು, ಕಾಲು ಒಂದು ಹೆಜ್ಜೆ ಹಿಂದಕ್ಕೆ ಸರಿಯುವುದು. ಸಸಿ ಹಚ್ಚುವವರು ಹಿಂದಕ್ಕೇ ನಡೆಯಬೇಕು. ಮುಂದೆ ನಡೆದರೆ ಹಚ್ಚಿದ್ದನ್ನು ತಾವೇ ತುಳಿದಂತೆ.

ಮಕ್ಕಳಾಗಲಿಲ್ಲ. ಸೂಟಿ ಬಂತೆಂದರೆ ಅಣ್ಣನ ಮಗ ಮಾನಪ್ಪನನ್ನು ಕರೆಸಿಕೊಳ್ಳುತ್ತಿದ್ದಳು. ಅನ್ನ ಬೇಯುವತನಕ ಪಾತೇಲಿ ಬೋರಲು ಹಾಕಿ ಆ ಹಾಡುಗಳ ತಾಳ ಬಡಿದು ತೋರಿಸುತ್ತಿದ್ದಳು. ಹುಡುಗನ ಕೈಗೆ ಅದು ಹತ್ತಿದ್ದು ಬಿಡಲಿಲ್ಲ. ಸಾಲಿ ಬಿಟ್ಟು, ಅಲ್ಲಿ ಇಲ್ಲಿ ತಿರುಗಿ, ಕಡೆಗೆ ಶಹಾಪುರದ ನ್ಯೂ ಬುಲ್‌ಬುಲ್ ಆರ್ಕೆಸ್ಟ್ರಾದಲ್ಲಿ ಡ್ರಮ್ಮಿನ ಹಿಂದೆ ಕೂತ. ಕುರುಬರ ಹುಡುಗ ಕಂಡವರ ಮದುವೆಯಲ್ಲಿ ಬಡಿಯುತ್ತಾನೆ ಎಂದು ಹಣಮಂತ್ರಾಯ ಅವನ ಜೊತೆ ಮಾತು ಕಡಿಮೆ ಮಾಡಿದ. ಬಾಲಮ್ಮ ಮಾತ್ರ ಯಾರು ಕೇಳಿದರೂ, ಕೇಳದಿದ್ದರೂ, ನಮ್ಮ ಹುಡುಗ ಶಹರದಾಗ ಬಾರಿಸ್ತಾನ ಎಂದು ಹೇಳಿಕೊಂಡು ತಿರುಗಿದಳು.

*

ಮಾನಪ್ಪ ಅತ್ತೆಯ ಮುಂದೆ ಕೂತ. ಪಾದ ಮುಟ್ಟಿದ. ನೀರಿನಲ್ಲಿ ನಿಂತು ನಿಂತು ಬೆರಳ ಸಂದಿ ಬೆಳ್ಳಗೆ ತಿಂದುಹೋಗಿತ್ತು. ಯಾರೋ ಅದರ ಮೇಲೆ ದಪ್ಪಗೆ ಅರಿಶಿನ ಹಚ್ಚಿದ್ದರು. ಬೀರಣ್ಣ ಪಕ್ಕದಲ್ಲಿ ಕೂತು ಅವಳ ತಲೆ ಒಂದು ಕಡೆ ಜಾರದಂತೆ ಆಗಾಗ ಸರಿಮಾಡುತ್ತಿದ್ದ. ಮಾತು ಕಡಿಮೆ ಇರುವ ಮನುಷ್ಯ. ಮೂವತ್ತೈದು ವರ್ಷದ ಸಂಸಾರದಲ್ಲಿ ಇಬ್ಬರ ಮಾತನ್ನೂ ಅವಳೇ ಆಡಿ ಮುಗಿಸಿದ್ದಳು.

“ಮುಂದಿನ ಹೆಗಲು ನೀನ ಕೊಡಬೇಕು, ತಮ್ಮಾ,” ಎಂದ ಬೀರಣ್ಣ. “ಆಕಿಗಿ ನೀ ಬಿಟ್ರ ಯಾರದಾರ.”

ಮಾನಪ್ಪ ತಲೆಯಾಡಿಸಿದ.

ಹಿಂದೆ ಶಿವಬಸಮ್ಮ ಎಂಬ ಮುದುಕಿ ಹೆಂಗಸರಿಗೆ ಹೇಳುತ್ತಿದ್ದಳು: ಮೂರು ಪಂಚಮಿ ಆಯಿತು, ಅಣ್ಣ ಕರೆಯಲು ಬರಲಿಲ್ಲ, ಕುಣಿದು ತವರು ಕಳಕೊಂಡಳು. ಹೇಳಿದ್ದು ಸುಳ್ಳಲ್ಲ. ಪಂಚಮಿ ಬಂತೆಂದರೆ ಊರ ಹೆಣ್ಣುಮಕ್ಕಳೆಲ್ಲ ಅಣ್ಣತಮ್ಮಂದಿರ ಹಿಂದೆ ತವರಿಗೆ ಹೋಗುವರು. ಬಾಲಮ್ಮ ಮೂರು ಪಂಚಮಿಯಲ್ಲೂ ಕೂಲಿಗೆ ಹೋಗದೆ, ತಲೆ ಬಾಚಿಕೊಂಡು, ಚೀಲ ತುಂಬಿಟ್ಟು, ಹೊಸ್ತಿಲ ಮೇಲೆ ಕೂತಿದ್ದಳು. ಕಡೆಯ ಸಲ ಮಾನಪ್ಪ ಬಂದಿದ್ದಾಗ ರೇಗಿದ್ದ, ಯಾಕೆ ಆ ಮನುಷ್ಯನ ದಾರಿ ಕಾಯುತ್ತೀ ಎಂದು. ಅವಳು ಚೀಲದಿಂದ ಶೇಂಗಾದ ಉಂಡೆ ತೆಗೆದು ಅವನ ಕೈಗಿಟ್ಟು ನಕ್ಕಿದ್ದಳು.

“ಬರ್ತಾನ ಬಿಡೋ. ಬದುಕಿದ್ದಾಗ ಬರಲಿಲ್ಲಂದ್ರ ಸತ್ತಾಗರ ಸೀರಿ ತರಬೇಕಲ್ಲ. ಅಣ್ಣನ ಕೈಲೆ ಸೀರಿ ಬಿದ್ದರ ಸಾಕು ನನಗ.”

ನಗುತ್ತಲೇ ಅಂದಿದ್ದಳು. ಆದರೆ ಆ ನಗು ಮುಗಿದ ಮೇಲೆ ಬಹಳ ಹೊತ್ತು ರಸ್ತೆಯ ಕಡೆಗೇ ನೋಡಿದ್ದಳು.

*

ಮೂರು ವರ್ಷದ ಹಿಂದೆ ಶಹಾಪುರದ ಮೈದಾನದಲ್ಲಿ ನ್ಯೂ ಬುಲ್‌ಬುಲ್‌ನವರು ‘ಹಳೇ ಹಾಡಿನ ಸಂಜೆ’ ಮಾಡಿದರು. ಬರೀ ಹಳೆಯ ಹಾಡು, ಹಳೆಯ ವೇಷ. ಹಾಡುವವರು ಅಗಲ ಕಾಲರಿನ ಅಂಗಿ ಹಾಕಿ, ಕಪ್ಪು ಕನ್ನಡಕ ಏರಿಸಿ, ಕೆಳಗೆ ಗಂಟೆಯಂತೆ ಅರಳಿದ ಪ್ಯಾಂಟು ತೊಟ್ಟಿದ್ದರು. ಹಾಡುಗಳ ಹೆಸರು ಕೇಳಿದಾಗಲೇ ಮಾನಪ್ಪ ಅತ್ತೆಗೆ ಫೋನು ಮಾಡಿದ್ದ: ನಿನ್ನ ಬದುವಿನ ಹಾಡು ಎಲ್ಲಾ ಬಾರಿಸುತ್ತೇವೆ, ಬಾ.

ಬಾಲಮ್ಮ, ಮುನ್ನಿಬೀ, ಜೊತೆಗೆ ಸಸಿ ಹಚ್ಚುವ ಗುಂಪಿನ ನಾಲ್ವರು ಟಂಟಂ ಹತ್ತಿ ಬಂದರು. ಬೀರಣ್ಣ ಕಂಬಳಿ ಹೊದ್ದು ಚಾಲಕನ ಪಕ್ಕ ಕೂತು ಬಂದ. ಹೆಂಗಸರು ಹಿಂದೆ, ಕತ್ತಲು ಇರುವ ಕಡೆ, ಕಡಲೆಕಾಯಿ ಪೊಟ್ಟಣ ಹಿಡಿದು ನಿಂತರು.

“ಆ ಹುಡುಗ ಕಾಲಾಗ ಇಷ್ಟು ಅರಿವಿ ಯಾಕ ಬಿಟ್ಟಾನವ್ವ,” ಎಂದಳು ಬಾಲಮ್ಮ ಹಾಡುವವನ ಪ್ಯಾಂಟು ನೋಡಿ. “ಒಂದೊಂದರಾಗ ಒಂದೊಂದು ಕುರಿಮರಿ ಹಿಡಸ್ತಾವು.”

ಎರಡು ಹಾಡು ಸುಮ್ಮನೆ ನಿಂತು ಕೇಳಿದಳು. ಮೂರನೆಯದು ತೆಲುಗಿನದು, ಕ್ಯಾಂಪಿನ ಸಾಹುಕಾರ ದಿನಾ ಹಾಕಿಸುತ್ತಿದ್ದ ಹಾಡು. ಕೊಳಲು ಬರುವ ಮೊದಲೇ ಬಾಲಮ್ಮನ ಬಾಯಿ ಕೊಳಲಿನ ದನಿ ತೆಗೆಯಿತು. ಕೈ ಕೆಳಗೆ ಹೋಯಿತು, ಮೇಲೆ ಬಂತು. ಕಾಲು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು, ಮತ್ತೊಂದು. ಗಂಡಸರೆಲ್ಲ ವೇದಿಕೆಯ ಕಡೆ ಮುನ್ನುಗ್ಗಿ ಕುಣಿಯುತ್ತಿರುವಾಗ ಈ ಹೆಂಗಸು ಹಿಂದಕ್ಕೆ ಕುಣಿಯುತ್ತ ಹೊರಟಿದ್ದಳು. ಮೊದಲು ಇಬ್ಬರು ನಕ್ಕರು, ಆಮೇಲೆ ಇಪ್ಪತ್ತು ಮಂದಿ. ಮುನ್ನಿಬೀ ಕಡಲೆಕಾಯಿ ಪೊಟ್ಟಣವನ್ನು ಬೀರಣ್ಣನ ಕೈಗೆ ಕೊಟ್ಟು, ಬುರ್ಖಾದ ತೋಳು ಏರಿಸಿ, ಅವಳ ಎಡಕ್ಕೆ ಹೋಗಿ ನಿಂತಳು. ಉಳಿದ ನಾಲ್ವರು ಬಲಕ್ಕೆ. ಗದ್ದೆಯಲ್ಲಿ ನಿಲ್ಲುವ ಹಾಗೆಯೇ, ಅಷ್ಟೇ ಅಂತರಕ್ಕೆ ಒಬ್ಬೊಬ್ಬರು. ಆರೂ ಜನ ಒಂದೇ ತಾಳಕ್ಕೆ ಕೈ ಬೀಸುತ್ತ, ಒಂದೇ ತಾಳಕ್ಕೆ ಹಿಂದೆ ಸರಿಯುತ್ತ ಹೋದರು. ಸೊಂಟ ಮಾತ್ರ ಬಗ್ಗಲಿಲ್ಲ. ಎದುರಿಗೆ ಮೈದಾನ ಖಾಲಿಯಾಗುತ್ತ ಬಂತು, ನಗು ನಿಂತಿತು.

ಡ್ರಮ್ಮಿನ ಹಿಂದಿನಿಂದ ಮಾನಪ್ಪನಿಗೆ ಎಲ್ಲ ಕಂಡಿತು. ಹಾಡು ಮುಗಿಯುವ ಹೊತ್ತಿಗೆ ಕೀಬೋರ್ಡಿನವನಿಗೆ ಬೆರಳೆತ್ತಿ ತೋರಿಸಿದ: ಇನ್ನೊಂದು ಸುತ್ತು. ಅದು ಮುಗಿಯುವಾಗ ಮತ್ತೊಂದು. ಅತ್ತೆ ಹಲ್ಲು ಬಿಟ್ಟು ನಗುವುದನ್ನು ಅವನು ನೋಡಿದ್ದ. ಕಣ್ಣು ಮುಚ್ಚಿಕೊಂಡು ನಗುವುದನ್ನು ಅದೇ ಮೊದಲು ನೋಡಿದ್ದು.

ಆಮೇಲೆ ವೇದಿಕೆಯ ಹಿಂದೆ ಬಂದಳು. ಏದುಸಿರು, ಕೂದಲು ಬಿಚ್ಚಿತ್ತು. ಮಾನಪ್ಪ ನೀರು ಕೊಟ್ಟ. ಕುಡಿಯದೆ ಚೆಂಬು ಹಿಡಿದುಕೊಂಡೇ ನಿಂತಳು.

“ಮಾನ್ಯಾ, ಇಷ್ಟು ವರ್ಷ ಬಗ್ಗಿ ಕೇಳೇನಿ,” ಎಂದಳು. “ನಿಂತು ಕೇಳಿದ್ರ ಹಿಂಗಿರ್ತದೇನೋ ಹಾಡು?”

ಬೀರಣ್ಣ ಬಂದು ಬೆವೆತ ಅವಳ ಬೆನ್ನಿಗೆ ಕಂಬಳಿ ಹೊದಿಸಿ, ಕಡಲೆಕಾಯಿ ಸುಲಿದು ಸುಲಿದು ಅವಳ ಅಂಗೈಗೆ ಹಾಕುತ್ತ ಟಂಟಂ ತನಕ ಕರೆದುಕೊಂಡು ಹೋದ.

ಯಾವನೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದ. ಮುದುಕಿ ಒಬ್ಬಳೇ ಕಾಣುವಷ್ಟು ಕತ್ತರಿಸಿ, ಕೆಳಗೆ ಹೊಲಸು ಮಾತು ಬರೆದು ಬಿಟ್ಟಿದ್ದ. ಎರಡು ದಿನದಲ್ಲಿ ಅದು ಬಳಿಚಕ್ರ ಮುಟ್ಟಿತು. ಚಹಾದಂಗಡಿಯಲ್ಲಿ ಯಾರೋ ಹಣಮಂತ್ರಾಯನ ಮುಖದ ಮುಂದೆ ಹಿಡಿದು, ಇದು ನಿನ್ನ ತಂಗಿ ಅಲ್ಲೇನು ಎಂದು ಕೇಳಿದರಂತೆ. ಮಳೆ ನಂಬಿದ ಊರು. ಕಾಲುವೆ ಅತ್ತ ಸುಳಿಯಲಿಲ್ಲ. ಅಲ್ಲಿ ಉಳಿದದ್ದು ಇಜ್ಜತ್ ಒಂದೇ ಎಂದು ನಂಬಿದ ಮನುಷ್ಯ ಅವನು. ಅವತ್ತೇ ಮಗನ ಅರಿವೆ, ಹಾಸಿಗೆ ರಸ್ತೆಗೆ ಬಿದ್ದವು. ತಂಗಿಗೆ ಫೋನಿನಲ್ಲಿ ಒಂದೇ ಮಾತು ಹೇಳಿದ: ನಿನಗ ತವರಿಲ್ಲ.

*

ಹೊತ್ತು ನೆತ್ತಿಗೆ ಬರುತ್ತಿತ್ತು. ಊರ ಹಿರಿಯ ಜಗದೇವಪ್ಪ ಕಟ್ಟೆಯಿಂದ ಎದ್ದು ಬಂದು, ಮಾನಪ್ಪನನ್ನು ಕಣ್ಸನ್ನೆಯಿಂದ ಹಿತ್ತಲ ದನದ ಕೊಟ್ಟಿಗೆಗೆ ಕರೆದ.

“ನಿಮ್ಮಪ್ಪ ಬರಿಗೈಲೆ ಬಂದಿಲ್ಲ,” ಎಂದ. “ಬೈಕಿನ ಚೀಲದಾಗ ಸೀರಿ ಅದ. ನಾ ಕಣ್ಣಾರೆ ನೋಡೀನಿ. ಹಸರು ಇಲಕಲ್ಲು. ಯಾವಾಗ ತಂದಿಟ್ಟಿದ್ದನೋ, ಮಡಿಕಿ ಎಲ್ಲಾ ಹಳದಿ ಆಗ್ಯಾವ.”

“ಮತ್ತ ಹಾಕಲಿಲ್ಲ ಯಾಕ, ಮುತ್ಯಾ?”

ಜಗದೇವಪ್ಪ ಎಮ್ಮೆಯ ಗೂಟ ನೋಡುತ್ತ ನಿಂತ. ನೀನು ಹೆಗಲು ಕೊಟ್ಟರೆ ಅವನು ಸೀರೆ ಹೊದಿಸುವುದಿಲ್ಲವಂತೆ. ನೀನು ಹೆಣದ ಹಿಂದೆ ನಡೆಯಬಾರದು, ಮಣ್ಣು ಹಾಕಬಾರದು, ಊರು ಬಿಟ್ಟು ಹೊರಡಬೇಕು. ಆಗ ಅವನು ಏಳುತ್ತಾನೆ. ಎಷ್ಟು ಹೇಳಿದರೂ ಒಪ್ಪಲಿಲ್ಲ. ಇಷ್ಟನ್ನೂ ಮುದುಕ ಒಂದೇ ಉಸಿರಿಗೆ ಹೇಳಿದ. ಹೇಳಲು ಅವನಿಗೂ ನಾಚಿಕೆಯಾಗಿತ್ತು.

ಮಾನಪ್ಪ ಅಂಗಳದ ಕಡೆ ತಿರುಗಿದ. ಈಗಲೇ ಹೋಗಿ ಕಟ್ಟೆಯ ಮುಂದೆ ನಿಂತು, ಇದನ್ನೇ ಹತ್ತು ಮಂದಿಗೆ ಕೇಳುವಂತೆ ಕೂಗಿ ಹೇಳುತ್ತೇನೆ ಎಂದ. ತಂಗಿಯ ಹೆಣದ ಮುಂದೆ ವ್ಯಾಪಾರಕ್ಕೆ ಕೂತಂತೆ ಕೂತವನ ಮುಖಕ್ಕೆ ಮಂದಿಯೇ ಉಗುಳಲಿ ಎಂದ.

“ಉಗುಳ್ತಾರ,” ಎಂದ ಜಗದೇವಪ್ಪ. “ಅವ ಎದ್ದು ಹೋಗ್ತಾನ. ನೀ ಗೆದ್ದಿ. ಆಕಿಗಿ ಸೀರಿ?”

ಅಂಗಳದ ಕಡೆ ಇಟ್ಟಿದ್ದ ಹೆಜ್ಜೆಯನ್ನು ಮಾನಪ್ಪ ಹಿಂದಕ್ಕೆ ತೆಗೆದ.

“ಇನ್ನೊಂದು ಕೇಳು. ಅವ ಹೊದಿಸಿದ ಮ್ಯಾಲೂ ನೀ ಬಾಯಿ ಬಿಡಬಾರದು. ಮಾತು ಹೊರಗ ಬಿದ್ದರ ಅದು ತವರಿನ ಸೀರಿ ಅಲ್ಲ, ವ್ಯವಹಾರದ ಸೀರಿ ಆಗ್ತದ. ಆಕಿ ಮಣ್ಣಾಗ ಹೋದ ಮ್ಯಾಲೂ ಮಂದಿ ಅದನ್ನ ಆಡ್ತಾರ.”

ಎಮ್ಮೆ ಮೆಲುಕು ಹಾಕುತ್ತಿತ್ತು. ಅಂಗಳದಿಂದ ಹೆಂಗಸರ ಅಳು ಏರಿ ಇಳಿಯುತ್ತಿತ್ತು. ಮಾನಪ್ಪ ಕೊಟ್ಟಿಗೆಯ ಕಂಬಕ್ಕೆ ಹಣೆ ಹಚ್ಚಿದ. ಅತ್ತೆಯನ್ನು ಹೊತ್ತುಕೊಂಡು ಹೋಗುವುದು ಅವನಿಗೆ ಬೇಕಾಗಿತ್ತು. ಅವಳಿಗೆ ಬೇಕಾಗಿದ್ದದ್ದು ಬೇರೆ, ಅದನ್ನು ಅವಳು ತನ್ನ ಬಾಯಿಂದಲೇ ಹೇಳಿ ಹೋಗಿದ್ದಳು.

“ಹಾಕು ಅಂತ ಹೇಳ್ರಿ,” ಎಂದ.

ಅವನು ಅಂಗಳಕ್ಕೆ ಬರುವ ಹೊತ್ತಿಗೆ ಹಣಮಂತ್ರಾಯ ಕಟ್ಟೆಯಿಂದ ಇಳಿದಿದ್ದ. ಬೈಕಿನ ಚೀಲದಿಂದ ಸೀರೆ ಬಂತು. ಹೆಂಗಸರಲ್ಲಿ ಗುಸುಗುಸು ಎದ್ದು, ಹಾದಿ ಬಿಟ್ಟರು. ಬೀರಣ್ಣ ತನ್ನ ಭಾವನ ಮುಖ ನೋಡಿ ಕೈಮುಗಿದ. ಹಣಮಂತ್ರಾಯ ತಂಗಿಯ ಮುಂದೆ ಮಂಡಿಯೂರಿದ. ಸೀರೆಯ ಮಡಿಕೆ ಬಿಚ್ಚಿ ಗೊತ್ತಿಲ್ಲದ ಕೈ. ಸೆರಗು ಯಾವುದು, ಒಳಅಂಚು ಯಾವುದು ತಿಳಿಯದೆ ಎರಡು ಸಲ ತಿರುಗಿಸಿದ. ಮುನ್ನಿಬೀ ತುದಿ ಹಿಡಿದು ಕೊಟ್ಟಳು. ತಲೆಯ ಮೇಲೆ ಸೆರಗು ಹೊದಿಸಿ, ಹೆಗಲ ಮೇಲೆ ಇಳಿಬಿಟ್ಟು, ಕಾಲಿನ ತನಕ ಎಳೆದು ತಂದ. ಅಲ್ಲಿ ಅವನ ಕೈ ನಿಂತಿತು. ಅರಿಶಿನದ ಕೆಳಗಿನ ಆ ಪಾದಗಳನ್ನು ಅವನು ಈಗ ನೋಡಿದ. ಸೀರೆ ಎಳೆದು ಪಾದ ಮುಚ್ಚಿದ.

“ಬಾಲವ್ವಾ,” ಎಂದ. “ಬಂದೀನಿ ನೋಡವ್ವಾ.”

ಹೆಂಗಸರೆಲ್ಲ ಒಟ್ಟಿಗೆ ಅತ್ತರು. ಹಲಗೆ ಎದ್ದವು. ಹೆಣ ಹೊರುವ ಸಿದಗಿ ತಂದು ಅಂಗಳದಲ್ಲಿ ಇಟ್ಟರು. ಬೀರಣ್ಣ ಎದ್ದು ಸುತ್ತ ನೋಡಿದ, ಮುಂದಿನ ಹೆಗಲಿನವನನ್ನು ಹುಡುಕುತ್ತ.

ಮಾನಪ್ಪ ಬಾಗಿಲ ಕಡೆ ಹೊರಟಿದ್ದ.

“ಮಾನ್ಯಾ,” ಎಂದು ಬೀರಣ್ಣ ಕರೆದ. ಅಷ್ಟು ದೊಡ್ಡ ದನಿಯಲ್ಲಿ ಆ ಮನುಷ್ಯ ಮಾತಾಡಿದ್ದನ್ನು ಊರು ಕೇಳಿರಲಿಲ್ಲ. ಮಂದಿ ತಿರುಗಿದರು. ಮುನ್ನಿಬೀ ಓಡಿ ಬಂದು ಅಂಗಿ ಹಿಡಿದಳು, ಎಲ್ಲಿಗೆ, ಎಲ್ಲಿಗೆ ಎಂದು. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

“ನೋಡ್ರಿ ಇವನ ಧಿಮಾಕು,” ಶಿವಬಸಮ್ಮನ ದನಿ ಹಲಗೆಯನ್ನೂ ಮೀರಿ ಬಂತು. “ಅನ್ನಾ ಹಾಕಿದ ಅತ್ತಿಗಿ ಹೆಗಲು ಕೊಡಾಕ ಭಾರ ಆತು. ಸಿಟ್ಟು ಮಾಡ್ಕೊಂಡ ಅಪ್ಪರ ಬಂದು ಸೀರಿ ಹಾಕಿದ. ಇವಗ ಯಾವ ಕುಣಿತಕ್ಕ ಹೊತ್ತಾಗ್ಯಾದೋ ಏನೋ.”

ಯಾರೋ ಥೂ ಎಂದರು. ಬೀರಣ್ಣ ಏನೂ ತಿಳಿಯದ ಮಗುವಿನ ಹಾಗೆ ಬಾಯಿ ತೆರೆದು ನಿಂತಿದ್ದ. ಜಗದೇವಪ್ಪ ನೆಲ ನೋಡುತ್ತಿದ್ದ. ಹಣಮಂತ್ರಾಯ ತಲೆ ಎತ್ತಲಿಲ್ಲ. ಎಲ್ಲ ಕೇಳಿಸಿಕೊಳ್ಳುತ್ತ, ತಂಗಿಯ ಸೀರೆಯ ನೆರಿಗೆಗಳನ್ನು ಒಂದೊಂದಾಗಿ ಸರಿಮಾಡುತ್ತಲೇ ಇದ್ದ.

ಬಾಗಿಲಲ್ಲಿ ಬಂದವರೆಲ್ಲ ಬಿಟ್ಟ ಚಪ್ಪಲಿಗಳ ರಾಶಿ ಬಿದ್ದಿತ್ತು. ತನ್ನದನ್ನು ಹುಡುಕಬೇಕೆಂದರೆ ಬಗ್ಗಬೇಕು, ನಿಲ್ಲಬೇಕು, ಇನ್ನೂ ನಾಲ್ಕು ಮಾತು ಬೆನ್ನಿಗೆ ಬೀಳುತ್ತವೆ, ಒಂದಕ್ಕಾದರೂ ಬಾಯಿ ತೆರೆದೀತು. ಮಾನಪ್ಪ ರಾಶಿ ದಾಟಿ, ಬಿಸಿಲಿಗೆ ಕಾದ ಗರಸುಗಲ್ಲಿನ ದಾರಿಗೆ ಬರಿಗಾಲಿಟ್ಟು, ಕಾಲುವೆಯ ದಂಡೆ ಹಿಡಿದು ನಡೆದ.